ಮಗಳಿಗೆ ಕ್ವಾಂಟ್ ಆಗ್ಬೇಕಂತೆ, ಪಿಯು ಆದ್ಮೇಲೆ ಎಲ್ಲಿಗೆ ಸೇರಿಸೋದು?

ಮೈಸೂರಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಫಸ್ಟ್ ಪಿಯು, ಪಿಸಿಎಂಸಿ. ಮ್ಯಾಥ್ಸ್ ಅಂದ್ರೆ ಪ್ರಾಣ, ಫಿಸಿಕ್ಸ್ ಪರವಾಗಿಲ್ಲ, ಕೆಮಿಸ್ಟ್ರಿ ಪುಸ್ತಕ ತೆಗೆದ್ರೆ ಆಕಳಿಕೆ. ಈಚೆಗೆ ಕ್ವಾಂಟ್ ಫೈನಾನ್ಸ್ (ಗಣಿತ, ಕಂಪ್ಯೂಟರ್ ಹಾಕಿ ಮಾರ್ಕೆಟ್ ಲೆಕ್ಕ ಮಾಡೋ ಕೆಲಸವಂತೆ) ಅಂತ ಹಿಡ್ಕೊಂಡಿದಾಳೆ, ಯಾವುದೋ ವಿಡಿಯೋ ನೋಡಿ ಶುರುವಾಗಿದ್ದು, ಈಗ ಊಟಕ್ಕೆ ಕೂತ್ರೂ ಅದೇ ಮಾತು. ನಮ್ಮನೇಲಿ ಯಾರಿಗೂ ಈ ಲೈನ್ ಗೊತ್ತಿಲ್ಲ. ಯಜಮಾನ್ರದ್ದು ಸರ್ಕಾರಿ ನೌಕರಿ, ನಾನು ಎಲ್‌ಐಸಿ ಏಜೆಂಟು. ನಮ್ಮ ಭಾವ ಹೇಳೋದು ಫೈನಾನ್ಸ್ ಅಂದ್ಮೇಲೆ ಕಾಮರ್ಸ್ ತಾನೆ, ಈಗ್ಲೇ ಬದಲಾಯಿಸಿ, ಬಿಕಾಂ ಜೊತೆ ಸಿಎ ಮಾಡಿಸಿ ಅಂತ. ಕಾಲೇಜಿನ ಕೋಚಿಂಗ್‌ನೋರು ಜೆಇಇ ಬರೆಸಿ ಸಿಎಸ್‌ಗೆ ಹಾಕಿ ಅಂತಾರೆ. ಎದುರು ಮನೆಯೋರ ಮಗ ಗುರ್‌ಗಾಂವ್‌ನಲ್ಲಿ ಇದೇ ಕೆಲಸ ಮಾಡ್ತಾನಂತೆ, ಅವನು ಐಐಟಿ, ಸಂಬಳ ಕೇಳಿದ್ರೆ ತಲೆ ತಿರುಗುತ್ತೆ. ಡಿಗ್ರಿಗೇ ಹೊರದೇಶಕ್ಕೆ ಕಳಿಸೋ ಶಕ್ತಿ ನಮಗಿಲ್ಲ, ಮನೆ ಸಾಲ ಇನ್ನೂ ಓಡ್ತಿದೆ, ಪಿಜಿಗೆ ಅಂದ್ರೆ ಏನಾದ್ರೂ ನೋಡ್ಬೋದು. ಯಾವ ದಾರಿ ಹಿಡೀಬೇಕು, ಈ ಎರಡು ವರ್ಷ ಏನು ಮಾಡಿಸ್ಬೇಕು, ಗೊತ್ತಿರೋರು ದಯವಿಟ್ಟು ಹೇಳಿ.

ಲೆಕ್ಕದವ:
ಅಕ್ಕ, ಕಾಮರ್ಸಿಗೆ ಮಾತ್ರ ಬದಲಾಯಿಸ್ಬೇಡಿ, ಭಾವನೋರಿಗೆ ಬೇಜಾರಾದ್ರೂ ಪರವಾಗಿಲ್ಲ. ಸಿಎ ಒಳ್ಳೆ ಕೋರ್ಸೇ, ಆದ್ರೆ ಅದು ಬೇರೆ ಊರಿನ ಬಸ್ಸು. ಕ್ವಾಂಟ್ ಕೆಲಸದಲ್ಲಿ ಬ್ಯಾಲೆನ್ಸ್ ಶೀಟ್ ನೋಡೋರು ಕಮ್ಮಿ, ಪ್ರಾಬಬಿಲಿಟಿ, ಲೀನಿಯರ್ ಆಲ್ಜಿಬ್ರಾ, ಸ್ಟಾಟಿಸ್ಟಿಕ್ಸ್, ಕೋಡಿಂಗ್, ಇದೇ ಬೆಳಗಿಂದ ಸಂಜೆವರೆಗೆ. ಫೈನಾನ್ಸ್ ಕೆಲಸಕ್ಕೆ ಸೇರಿದ್ಮೇಲೆ ಕಲಿತ್ರೂ ನಡೆಯುತ್ತೆ, ಗಣಿತ ಆಮೇಲೆ ಕಲಿಯೋದು ತುಂಬಾ ಕಷ್ಟ. ಜಿಮ್ ಸೈಮನ್ಸ್ ಹೆಸರು ಮಗಳು ಕೇಳಿರ್ತಾಳೆ, ರೆನೆಸಾನ್ಸ್ ಟೆಕ್ನಾಲಜೀಸ್ ಕಟ್ಟಿದೋರು, 2024ರಲ್ಲಿ ತೀರ್ಕೊಂಡ್ರು. ಅವರು ಮೊದಲು ಜಿಯೋಮೆಟ್ರಿ ಪ್ರೊಫೆಸರ್, ಕಂಪನಿಗೆ ಸೇರಿಸ್ಕೊಂಡಿದ್ದು ಗಣಿತದೋರನ್ನ, ಫಿಸಿಕ್ಸ್‌ನೋರನ್ನ, ಐಬಿಎಂನಲ್ಲಿ ಮಾತು ಗುರುತಿಸೋ ಕಂಪ್ಯೂಟರ್ ಮೇಲೆ ಕೆಲಸ ಮಾಡ್ತಿದ್ದೋರನ್ನ. ವಾಲ್ ಸ್ಟ್ರೀಟ್‌ನೋರನ್ನ ಬೇಕಂತಲೇ ದೂರ ಇಟ್ಟಿದ್ರು.

ಇನ್ನೊಂದು, ಕ್ವಾಂಟ್ ಅಂದ್ರೆ ಒಂದೇ ಕೆಲಸ ಅಲ್ಲ. ಎದುರು ಮನೆ ಹುಡುಗ ಮಾಡೋದು ಬಹುಶಃ ಪ್ರಾಪ್ ಟ್ರೇಡಿಂಗ್ ಕಂಪನೀಲಿ, ಅಂದ್ರೆ ಕಂಪನಿ ತನ್ನ ಸ್ವಂತ ದುಡ್ಡು ಹಾಕಿ ಕಂಪ್ಯೂಟರ್ ಕೈಲಿ ಟ್ರೇಡ್ ಮಾಡಿಸೋದು. ಅವು ಹೆಚ್ಚಾಗಿ ಗುರ್‌ಗಾಂವ್, ಮುಂಬೈ ಕಡೆ. ಬೆಂಗಳೂರಲ್ಲಿ ಜಾಸ್ತಿ ಇರೋದು ಬ್ಯಾಂಕುಗಳು, ಗೋಲ್ಡ್‌ಮನ್ ಸ್ಯಾಕ್ಸ್, ಮಾರ್ಗನ್ ಸ್ಟ್ಯಾನ್ಲಿ, ಜೆಪಿ ಮಾರ್ಗನ್, ವೆಲ್ಸ್ ಫಾರ್ಗೋ ಎಲ್ಲಾ ಇಲ್ಲೇ ಇವೆ. ನಾನು ಔಟರ್ ರಿಂಗ್ ರೋಡ್ ಮೇಲಿನ ಒಂದು ಬ್ಯಾಂಕಲ್ಲಿ ಮಾಡೆಲ್ ವ್ಯಾಲಿಡೇಷನ್ ಮಾಡ್ತೀನಿ. ಟ್ರೇಡಿಂಗ್ ಡೆಸ್ಕ್‌ನೋರು ಬೆಲೆ ಲೆಕ್ಕ ಹಾಕೋಕೆ ಒಂದು ಮಾಡೆಲ್ ಕಟ್ತಾರೆ, ನಾವು ಅದನ್ನ ಬೇರೆಯಾಗಿ ಇನ್ನೊಂದ್ಸಲ ಕಟ್ಟಿ, ಎಲ್ಲಿ ಮುರಿಯುತ್ತೆ ಅಂತ ಹುಡುಕ್ತೀವಿ.

ಮಗಳಿಗೆ ಹೇಳೋಕೆ ಒಂದು ಉದಾಹರಣೆ. 2020ರ ಏಪ್ರಿಲ್ 20ಕ್ಕೆ ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ಫ್ಯೂಚರ್ಸ್ (ಮುಂದೆ ಕೊಡೋ ಮಾಲಿಗೆ ಈಗ್ಲೇ ಮಾಡ್ಕೊಳ್ಳೋ ಒಪ್ಪಂದ) ಬೆಲೆ ಮೈನಸ್ 37 ಡಾಲರ್‌ಗೆ ಇಳೀತು. ಎಣ್ಣೆ ತಗೊಂಡ್ಹೋಗಿ ಅಂತ ಮಾರೋನೇ ಕೈಯಿಂದ ದುಡ್ಡು ಕೊಡೋ ಪರಿಸ್ಥಿತಿ. ಆಪ್ಷನ್‌ಗೆ, ಅಂದ್ರೆ ಗೊತ್ತಾದ ಬೆಲೆಗೆ ಮುಂದೆ ಕೊಳ್ಳೋ ಇಲ್ಲಾ ಮಾರೋ ಹಕ್ಕಿಗೆ, ಬೆಲೆ ಕಟ್ಟೋ 1973ರ ಬ್ಲ್ಯಾಕ್-ಶೋಲ್ಸ್ ಮತ್ತೆ ಅದರ ದಾಯಾದಿ ಮಾಡೆಲ್‌ಗಳೆಲ್ಲ ಬೆಲೆ ಸೊನ್ನೆಗಿಂತ ಕೆಳಗೆ ಹೋಗಲ್ಲ ಅನ್ಕೊಂಡೇ ಕಟ್ಟಿರೋದು, ಬೆಲೆಗೆ ಲಾಗ್ ತಗೊಳ್ತಾರಲ್ಲ, ಮೈನಸ್ ನಂಬರಿಗೆ ಲಾಗ್ ಎಲ್ಲಿಂದ ತರ್ತೀರಿ. ಷಿಕಾಗೋದ ಸಿಎಂಇ ಎಕ್ಸ್‌ಚೇಂಜ್ ಅದೇ ವಾರ ಎಣ್ಣೆ ಆಪ್ಷನ್ ಲೆಕ್ಕಕ್ಕೆ ಮೈನಸ್ ಬೆಲೆಯನ್ನೂ ತಡ್ಕೊಳ್ಳೋ ಬ್ಯಾಶಲಿಯೇ ಮಾಡೆಲ್‌ಗೆ ಬದಲಾಯಿಸ್ತು. ಅದು 1900ರಲ್ಲಿ ಪ್ಯಾರಿಸ್‌ನಲ್ಲಿ ಬರೆದ ಪಿಎಚ್‌ಡಿ ಥೀಸಿಸ್‌ನಿಂದ ಬಂದಿದ್ದು. ಇಂಥದ್ದು ಕೇಳಿ ಮಗಳ ಕಣ್ಣು ಅರಳಿದ್ರೆ ಲೈನ್ ಸರಿ ಇದೆ. ಸಂಬಳದ ಮಾತಿಗೆ ಮಾತ್ರ ಅರಳೋದಾದ್ರೆ ಇನ್ನೊಂದು ವರ್ಷ ಕಾಯಿರಿ.

ರಾಜಾಜಿನಗರ ಬುಲ್:
ಇಷ್ಟೆಲ್ಲ ಓದಿಸೋದ್ಯಾಕೆ ಮೇಡಂ, ಲಾಕ್‌ಡೌನ್‌ನಿಂದ ನಾನು ಬ್ಯಾಂಕ್ ನಿಫ್ಟಿ (ಬ್ಯಾಂಕ್ ಶೇರುಗಳ ಇಂಡೆಕ್ಸ್) ಆಪ್ಷನ್ಸ್ ಮಾಡ್ತಿದೀನಿ, ಡಿಗ್ರಿ ಗಿಗ್ರಿ ಏನೂ ಬೇಕಾಗಿಲ್ಲ. ಒಂದು ಡಿಮ್ಯಾಟ್ ಅಕೌಂಟ್, ಎರಡು ಮಾನಿಟರ್. ಮಗಳಿಗೆ 18 ಆದ್ಮೇಲೆ ಸಣ್ಣ ಕ್ಯಾಪಿಟಲ್ ಕೊಟ್ಟು ಕಲಿಸಿ, ತಾನೇ ಬರುತ್ತೆ.

ಲೆಕ್ಕದವ:
ಗುರು, ನಿನ್ನ ಲಾಭ ನಿನಗೆ ಶುಭವಾಗ್ಲಿ. ಆದ್ರೆ ಶೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಬಿಟ್ಟ ಸ್ಟಡಿ ಓದು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ನೂರಕ್ಕೆ 93 ಜನ ಕಳ್ಕೊಂಡಿದಾರೆ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಎದುರು ಪಾರ್ಟಿ ಯಾರು ಗೊತ್ತಾ? ಲಾಭ ಮಾಡಿದ್ದು ಪ್ರಾಪ್ ಕಂಪನಿಗಳು, ವಿದೇಶಿ ಫಂಡ್‌ಗಳು, ಅವರ ಲಾಭದಲ್ಲಿ 95 ಪರ್ಸೆಂಟ್‌ಗಿಂತ ಜಾಸ್ತಿ ಅಲ್ಗೋರಿದಮ್‌ನಿಂದ ಬಂದಿದ್ದು. ಅಕ್ಕನ ಮಗಳು ಸೇರ್ಬೇಕು ಅಂತಿರೋದು ಆ ಕಡೆಗೆ. ನಿನ್ನ ಕಡೆಗಲ್ಲ.

ರಾಜಾಜಿನಗರ ಬುಲ್:
ಆ 7 ಪರ್ಸೆಂಟ್‌ನಲ್ಲಿ ನಾನಿದೀನಿ ಬಿಡಿ ಸಾರ್ 😎

ಪಿಯು ಮೇಷ್ಟ್ರು:
ನಾನು ಶಿವಮೊಗ್ಗ ಕಡೆ ಪಿಯು ಮ್ಯಾಥ್ಸ್ ಲೆಕ್ಚರರ್. ಕಾಂಬಿನೇಷನ್ ಬಗ್ಗೆ ತಲೆ ಕೆಡಿಸ್ಕೋಬೇಡಿ ಮೇಡಂ, ಪಿಸಿಎಂಸಿ ಸರಿಯಾಗಿದೆ. ಪಿಸಿಎಂಎಸ್ ತಗೊಂಡಿದ್ರೆ ಸ್ಟಾಟಿಸ್ಟಿಕ್ಸ್ ಸಿಗ್ತಿತ್ತು, ಆದ್ರೆ ಅದಿಲ್ಲ ಅಂತ ಯಾರೂ ಬಾಗಿಲು ಹಾಕಲ್ಲ.

ಡಿಗ್ರಿ ವಿಷಯ. ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲದ ಒಂದು ಜಾಗ ಮೈಸೂರು ರೋಡ್ 8ನೇ ಮೈಲಿಯಲ್ಲೇ ಇದೆ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಐಎಸ್‌ಐ. ನೀವು ಬೆಂಗಳೂರಿಗೆ ಬಸ್ಸಲ್ಲಿ ಹೋಗುವಾಗೆಲ್ಲ ದಾಟಿ ಹೋಗಿರ್ತೀರಿ. ಅಲ್ಲಿ ಬಿ.ಮ್ಯಾಥ್ ಆನರ್ಸ್ ಇದೆ, ಕೋಲ್ಕತ್ತಾದಲ್ಲಿ ಬಿ.ಸ್ಟಾಟ್. ಟ್ಯೂಷನ್ ಫೀ ಇಲ್ಲ, ಓದ್ತಾ ಮಾರ್ಕ್ಸ್ ಉಳಿಸ್ಕೊಂಡ್ರೆ ತಿಂಗಳು ತಿಂಗಳು ಸ್ಟೈಪೆಂಡ್ ಕೂಡ ಕೊಡ್ತಾರೆ. ಮನೆ ಸಾಲ ಇರೋರು ಇದನ್ನ ಎರಡು ಸಲ ಓದ್ಕೊಳ್ಳಿ. ಅಂದ ಹಾಗೆ ಸ್ಟಾಟಿಸ್ಟಿಕ್ಸ್‌ನಲ್ಲಿ ಜಗತ್ತಿಗೇ ಹೆಸರಾದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ, ಐಎಸ್‌ಐನಲ್ಲೇ ದಶಕಗಟ್ಟಲೆ ಇದ್ರು. ಇದನ್ನ ಕ್ಲಾಸಲ್ಲಿ ಹೇಳಿದ್ರೆ ಹುಡುಗ್ರು ನಂಬೋದೇ ಇಲ್ಲ.

ಆದ್ರೆ ಸೀಟು ಕಮ್ಮಿ, ಪರೀಕ್ಷೆ ಬೇರೆ ಥರ. ಬೆಳಿಗ್ಗೆ ಎರಡು ಗಂಟೆ 30 ಅಬ್ಜೆಕ್ಟಿವ್ ಪ್ರಶ್ನೆ, ಮಧ್ಯಾಹ್ನ ಎರಡು ಗಂಟೆ 8 ಪ್ರಶ್ನೆಗೆ ಪೂರ್ತಿ ಬರೆದು ತೋರಿಸ್ಬೇಕು. ಎಲ್ಲಾ ಬರೀ ಗಣಿತ, ಕೆಮಿಸ್ಟ್ರಿ ಕಾಟ ಇಲ್ಲ. ಜೆಇಇ ಮಕ್ಕಳು ಜಾರೋದು ಆ ಮಧ್ಯಾಹ್ನದ ಪೇಪರ್‌ನಲ್ಲೇ. ಉತ್ತರ ಬರುತ್ತೆ, ಯಾಕೆ ಅಂತ ನಾಲ್ಕು ಸಾಲು ಬರೆಯೋಕೆ ಬರಲ್ಲ. ಕೋಚಿಂಗ್‌ನಲ್ಲಿ ಆಪ್ಷನ್ ಹಾಕಿ ನೋಡಿ ತೆಗೆಯೋ ಟ್ರಿಕ್ಕೇ ಅಭ್ಯಾಸ ಆಗಿರುತ್ತಲ್ಲ.

ಇದೇ ಸಾಲಿನದು ಚೆನ್ನೈ ಹತ್ರ ಸಿರುಸೇರಿಯಲ್ಲಿರೋ ಸಿಎಂಐ, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್. ಅಲ್ಲಿ ಮ್ಯಾಥ್ಸ್ ಜೊತೆ ಕಂಪ್ಯೂಟರ್ ಸೈನ್ಸೂ ಗಟ್ಟಿಯಾಗಿ ಸಿಗುತ್ತೆ. ಜೆಇಇ ಅಡ್ವಾನ್ಸ್ಡ್ ರ್‍ಯಾಂಕ್ ಬಂದ್ರೆ ನಮ್ಮ ಐಐಎಸ್‌ಸಿಯಲ್ಲೇ ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್ ಬಿ.ಟೆಕ್ ಇದೆ, 2022ರಲ್ಲಿ ಶುರುವಾಗಿದ್ದು. ದೆಹಲಿ, ಗುವಾಹಟಿ ಐಐಟಿಗಳಲ್ಲೂ ಅದೇ ಹೆಸರಿನ ಬ್ರಾಂಚ್ ಇದೆ. ಹೆಣ್ಣುಮಕ್ಕಳಿಗೆ ಅಂತ ಐಐಟಿಗಳಲ್ಲಿ 2018ರಿಂದ ಹೆಚ್ಚುವರಿ ಸೀಟು ಮಾಡಿದಾರೆ, ಆ ಲೆಕ್ಕದಲ್ಲಿ ನಿಮ್ಮ ಮಗಳ ರ್‍ಯಾಂಕಿಗೆ ಸ್ವಲ್ಪ ಅನುಕೂಲ ಆಗುತ್ತೆ. ಸಿಇಟಿ ಬರೀ ಬ್ಯಾಕಪ್ ಅನ್ಕೊಳ್ಳಿ.

ಧಾರವಾಡ ಫೇಡೆ:
ಮೇಷ್ಟ್ರ ಮಾತು ಖರೇ ಐತ್ರಿ. ನಮ್ಮ ಮಗಾ ಸಿಎಂಐದಾಗ ಓದಾಕತ್ತಾನ. ನಮ್ಮ ಮಂದಿ ಎಲ್ಲಾ ಕೇಳತಿದ್ರು, ಏನ್ರಿ, ಇಷ್ಟು ಶಾಣ್ಯಾ ಹುಡುಗನ್ನ ಬಿಎಸ್ಸಿಗೆ ಹಚ್ಚೀರಿ, ಇಂಜಿನಿಯರಿಂಗ್ ಸೀಟ್ ಸಿಗಲಿಲ್ಲೇನು ಅಂತ. ಮದುವಿ ಮನ್ಯಾಗ ಕುಂತ್ರ ಇದ ಪ್ರಶ್ನೆ. ಮೊದಲ ಆರು ತಿಂಗಳು ಅವಂಗ ಭಾಳ ತ್ರಾಸ ಆತು, ಪಿಯುದಾಗ 100ಕ್ಕ 100 ತಗೊಂಡಾಂವ ಅಲ್ಲಿ ಫಸ್ಟ್ ಟೆಸ್ಟ್‌ದಾಗ ಪಾಸಾಗೂದೂ ಕಷ್ಟ ಆತು, ಫೋನ್ ಹಚ್ಚಿ ಅತ್ತ. ಸುತ್ತ ಎಲ್ಲಾರೂ ಒಲಿಂಪಿಯಾಡ್ ಹುಡುಗರು ಅಂತ. ಆಮ್ಯಾಲೆ ಸರಿ ಹೋತು.

ಒಂದು ಮಾತು ಹೇಳ್ತೀನಿ ನೋಡ್ರಿ ಅಕ್ಕಾರ. ನಮ್ಮಾಂವನೂ ಹೋಗುಮುಂದ ಕ್ವಾಂಟ್ ಆಗ್ತೀನಿ, ಕೋಟಿ ಗಳಿಸ್ತೀನಿ ಅಂತನ ಹೋದಾಂವ. ಈಗ ನಂಬರ್ ಥಿಯರಿ ಅಂತಾನ, ಪಿಎಚ್‌ಡಿ ಅಂತಾನ. ಗಣಿತಕ್ಕ ಹಚ್ಚಿದ್ರ ಮಕ್ಕಳು ಹಿಂಗೂ ಆಗ್ತಾರ, ತಯಾರಿರ್ರಿ. ನನಗೇನು ಬ್ಯಾಸರ ಇಲ್ಲ, ಅವರವ್ವಗ ಸ್ವಲ್ಪ ಐತಿ. ಮತ್ತ ಊಟದ್ದು ಕೇಳಬ್ಯಾಡ್ರಿ, ರೊಟ್ಟಿ ಸಿಗಂಗಿಲ್ಲ, ಮೂರು ಹೊತ್ತೂ ಅನ್ನ. ರಜಾಕ್ಕ ಬಂದಾಗ ಶೇಂಗಾ ಚಟ್ನಿ ಡಬ್ಬಿ ಕಟ್ಟಿ ಕಳಸ್ತೀವಿ.

ಮೈಸೂರಮ್ಮ:
ಅಯ್ಯೋ ಎಷ್ಟೊಂದು ವಿಷಯ, ಎಲ್ಲರಿಗೂ ಥ್ಯಾಂಕ್ಸ್. ಐಎಸ್‌ಐ ಹೆಸರೇ ಕೇಳಿರ್ಲಿಲ್ಲ, ನಮಗೆ ಐಎಸ್‌ಐ ಅಂದ್ರೆ ಕುಕ್ಕರ್ ಮೇಲಿನ ಮಾರ್ಕು. ಆದ್ರೆ ಒಂದು ಭಯ, ಇಲ್ಲಿ ಬಿ.ಮ್ಯಾಥ್ ಮಾಡಿ ಆಮೇಲೆ ಮನಸ್ಸು ಬದಲಾದ್ರೆ ಕೆಲಸ ಸಿಗುತ್ತಾ? ಇಂಜಿನಿಯರಿಂಗ್ ಆದ್ರೆ ಏನಿಲ್ಲಾಂದ್ರೂ ಒಂದು ಐಟಿ ಕೆಲಸ ಆದ್ರೂ ಇರುತ್ತೆ ಅಂತ ಯಜಮಾನ್ರು.

ಅಂಕೋಲಾ ಹುಡುಗಿ:
ಆಂಟಿ, ನಾನು ಬಿ.ಮ್ಯಾಥ್ ಓದಿದೋಳು, ಈಗ ಮುಂಬೈಲಿ ಒಂದು ಟ್ರೇಡಿಂಗ್ ಕಂಪನೀಲಿದೀನಿ. ನಿಮ್ಮ ಯಜಮಾನ್ರ ಭಯ ಸುಳ್ಳಲ್ಲ, ಅದನ್ನ ಹಗುರವಾಗಿ ತಗೋಬೇಡಿ. ಪ್ರಾಪ್ ಕಂಪನಿಗಳು ಕ್ಯಾಂಪಸ್‌ಗೆ ಬರೋದು ಹೆಚ್ಚಾಗಿ ಹಳೇ ಐಐಟಿಗಳಿಗೆ, ಡಿಸೆಂಬರ್ ಒಂದನೇ ತಾರೀಕು, ಅಲ್ಲಿ ಹೆಚ್ಚು ಎತ್ಕೊಳ್ಳೋದು ಸಿಎಸ್‌ನೋರನ್ನ. ನಿಮಗೆ ಕೇಳ್ಸೋ ದೊಡ್ಡ ಸಂಬಳ ಎಲ್ಲಾ ಆ ಕಡೆಯದೇ, ಅದ್ರಲ್ಲೂ ಪೇಪರ್‌ನಲ್ಲಿ ಬರೋ ಕೋಟಿಯಲ್ಲಿ ಜಾಯಿನಿಂಗ್ ಬೋನಸ್, ಹೊರದೇಶದ ಪೋಸ್ಟಿಂಗು, ಸಿಗಬಹುದಾದ ಬೋನಸ್ಸು ಎಲ್ಲಾ ಸೇರಿಸಿ ಬರೆದಿರ್ತಾರೆ. ಗಣಿತದ ಡಿಗ್ರಿಯೋರು ಬರೋದು ಹೆಚ್ಚಾಗಿ ಎರಡನೇ ಸುತ್ತಲ್ಲಿ, ಎಂ.ಸ್ಟಾಟ್ ಅಥವಾ ಎಂ.ಮ್ಯಾಥ್ ಆದ್ಮೇಲೆ, ಇಲ್ಲಾ ಪಿಎಚ್‌ಡಿ ಆದ್ಮೇಲೆ ರಿಸರ್ಚ್ ಕೆಲಸಕ್ಕೆ. ಆದ್ರಿಂದ ಐಐಟಿ ಸಿಎಸ್ ಇಲ್ಲಾ ಮ್ಯಾಥ್ಸ್-ಕಂಪ್ಯೂಟಿಂಗ್ ಸಿಗೋ ರ್‍ಯಾಂಕ್ ಬಂದ್ರೆ, ಬರೀ ಕೆಲಸದ ದೃಷ್ಟಿಯಿಂದ ಅದೇ ಹತ್ರದ ದಾರಿ. ಆದ್ರೆ ಆ ರ್‍ಯಾಂಕಿಗೋಸ್ಕರ ಎರಡು ವರ್ಷ ಕೆಮಿಸ್ಟ್ರಿ ಜೊತೆ ಗುದ್ದಾಡ್ಬೇಕು. ಅವಳಿಗೆ ಆಕಳಿಕೆ ಬರುತ್ತೆ ಅಂದ್ರಲ್ಲ, ಅದನ್ನ ನೀವೇ ಅಳೀಬೇಕು.

ಬಿ.ಮ್ಯಾಥ್ ಮಾಡಿದೋರಿಗೆ ಕೆಲಸ ಇಲ್ಲ ಅನ್ನೋದು ಮಾತ್ರ ತಪ್ಪು. ನನ್ನ ಜೊತೆ ಓದಿದೋರು ಡೇಟಾ ಸೈನ್ಸಲ್ಲಿದಾರೆ, ಬ್ಯಾಂಕಲ್ಲಿದಾರೆ, ಒಂದಿಬ್ಬರು ಆಕ್ಚುರಿ, ಅಂದ್ರೆ ವಿಮೆ ಲೆಕ್ಕದ ಕಡೆ ಹೋದ್ರು, ಉಳಿದೋರು ಪಿಎಚ್‌ಡಿ. ಒಂದೇ ಷರತ್ತು, ಕೋಡಿಂಗ್ ತಾನಾಗೇ ಕಲೀಬೇಕು. ಪೈಥಾನ್ ಈಗ್ಲೇ, ಸಿ ಪ್ಲಸ್ ಪ್ಲಸ್ ಡಿಗ್ರಿಯಲ್ಲಿ. ಬರೀ ಥಿಯರಂ ಪ್ರೂವ್ ಮಾಡ್ತಾ ಕೂತ್ರೆ ಇಂಟರ್ವ್ಯೂನಲ್ಲಿ ಒದ್ದಾಡ್ತಾರೆ.

ಮಗಳಿಗೆ ಒಂದು ಪ್ರಶ್ನೆ ಕೊಡಿ, ನಮ್ಮ ಕಡೆ ಇಂಟರ್ವ್ಯೂಗಳಲ್ಲಿ ಇದು ಅಂಗನವಾಡಿ ಲೆವೆಲ್ಲು. ನಾಣ್ಯ ಚಿಮ್ಮಿಸ್ತಾ ಹೋಗು. ಹೆಡ್ ಬಿದ್ದ ತಕ್ಷಣ ಮತ್ತೆ ಹೆಡ್ ಬೀಳೋವರೆಗೆ ಸರಾಸರಿ ಎಷ್ಟು ಸಲ ಚಿಮ್ಮಿಸ್ಬೇಕು? ಹೆಡ್ ಬಿದ್ದ ತಕ್ಷಣ ಟೇಲ್ ಬೀಳೋವರೆಗೆ ಎಷ್ಟು? ಎರಡೂ ಒಂದೇ ಅನ್ಸುತ್ತೆ, ಒಂದೇ ಅಲ್ಲ. ಒಂದಕ್ಕೆ 6, ಇನ್ನೊಂದಕ್ಕೆ 4. ಉತ್ತರ ತೋರಿಸ್ಬೇಡಿ. ತಾನೇ ಎಷ್ಟು ಹೊತ್ತು ಅದರ ಹಿಂದೆ ಬೀಳ್ತಾಳೆ, ಅದನ್ನ ಮಾತ್ರ ನೋಡಿ.

ಹುಬ್ಳಿ-ಬೆಂಗ್ಳೂರು ಪ್ಯಾಸೆಂಜರ್:
ಮಧ್ಯದಲ್ಲಿ ನುಗ್ತಿರೋದಕ್ಕೆ ಕ್ಷಮಿಸಿ, ನಾನು ಮೂರನೇ ವರ್ಷ ಬಿಇ ಇಸಿ, ಹೆಸರು ಹೇಳಿದ್ರೂ ಯಾರಿಗೂ ಗೊತ್ತಾಗದ ಕಾಲೇಜು. ನನ್ನಂಥೋರಿಗೆ ಈ ಲೈನ್‌ನಲ್ಲಿ ಚಾನ್ಸ್ ಇದೆಯಾ ಇಲ್ಲ ಬಿಟ್ಟಾಕ್ಬೇಕಾ? ಆನ್‌ಲೈನ್‌ನಲ್ಲಿ ಒಬ್ರು ಆರು ತಿಂಗಳ ಕ್ವಾಂಟ್ ಕೋರ್ಸ್, ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತ ಲಕ್ಷದ ಮೇಲೆ ಕೇಳ್ತಿದಾರೆ.

ಲೆಕ್ಕದವ:
ಗ್ಯಾರಂಟಿ ಅಂದ ಕಡೆ ದುಡ್ಡು ಕಟ್ಬೇಡಪ್ಪ. ನಿನಗೆ ದಾರಿ ಇದೆ, ಆದ್ರೆ ಸುತ್ತು ದಾರಿ. ಐಎಸ್‌ಐ ಎಂ.ಸ್ಟಾಟ್ ಎಂಟ್ರೆನ್ಸ್ ಬರಿ, ಜಾಮ್ ಬರೆದು ಐಐಟಿಯಲ್ಲಿ ಮ್ಯಾಥ್ಸ್ ಅಥವಾ ಸ್ಟಾಟಿಸ್ಟಿಕ್ಸ್ ಎಂಎಸ್ಸಿ ನೋಡು. ನಾವು ಬ್ಯಾಂಕಿಗೆ ಜನ ತಗೊಳ್ಳೋವಾಗ ಕೊನೆ ಡಿಗ್ರಿ ನೋಡ್ತೀವಿ, ಮೊದಲನೇದು ಎಲ್ಲಿ ಅಂತ ಅಷ್ಟಾಗಿ ಕೆದಕಲ್ಲ. ಇನ್ನೊಂದು ಬಾಗಿಲು ಕ್ವಾಂಟ್ ಡೆವಲಪರ್, ಮಾಡೆಲ್ ಬರೆಯೋದು ಬೇರೆಯೋರು, ಅದನ್ನ ವೇಗವಾಗಿ ಓಡೋ ಹಾಗೆ ಕಟ್ಟೋದು ಇವರು. ಇಸಿಯೋನಿಗೆ ಸಿಗ್ನಲ್ ಪ್ರೊಸೆಸಿಂಗ್ ಬಂದಿರುತ್ತೆ, ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನ ಬೇಕಾದ ಹಾಗೆ ಹೊಂದಿಸ್ಕೊಳ್ಳೋ ಚಿಪ್) ಗೊತ್ತಿದ್ರೆ ಟ್ರೇಡಿಂಗ್ ಕಂಪನಿಗಳು ಹುಡುಕ್ಕೊಂಡು ಬರ್ತಾರೆ, ಆರ್ಡರ್ ಮೈಕ್ರೋಸೆಕೆಂಡ್‌ಗಿಂತ ಬೇಗ ಹೋಗ್ಲಿ ಅಂತ ಅದರ ಮೇಲೇ ಲಾಜಿಕ್ ಹಾಕ್ತಾರೆ. ನಿನ್ನ ಇಸಿಯನ್ನ ಬೈಕೋಬೇಡ.

ಹುಬ್ಳಿ-ಬೆಂಗ್ಳೂರು ಪ್ಯಾಸೆಂಜರ್:
ಎಫ್‌ಪಿಜಿಎ ಲ್ಯಾಬ್ ಬೋರ್ಡು ನಮ್ಮ ಕಾಲೇಜಲ್ಲಿ ಬೀರು ಒಳಗೆ ಬೀಗ ಹಾಕಿ ಇಟ್ಟಿದಾರೆ ಅಣ್ಣ 😂 ನಾಳೆನೇ ಎಚ್‌ಒಡಿ ಹತ್ರ ಕೀ ಕೇಳ್ತೀನಿ.

ಮಲ್ಲೇಶ್ವರಂ ತಾತ:
ನೀವೆಲ್ಲ ಓದು ಓದು ಅಂತೀರಿ, ಆದ್ರೆ ಈ ಕಂಪನಿಗಳು ಮಾಡೋದು ಸರಿಯಾದ ಕೆಲಸವಾ ಅಂತ ಯಾರೂ ಕೇಳ್ತಿಲ್ಲವಲ್ಲ. ಒಂದು ಅಮೆರಿಕನ್ ಕಂಪನಿ ನಮ್ಮ ಮಾರ್ಕೆಟ್ಟಲ್ಲಿ ಸಾವಿರಾರು ಕೋಟಿ ಹೊಡೀತು ಅಂತ ಪೇಪರ್‌ನಲ್ಲಿ ಬಂತಲ್ಲ. ನಾನು ಬ್ಯಾಂಕಲ್ಲಿ 35 ವರ್ಷ ಸರ್ವೀಸ್ ಮಾಡಿದೋನು, ಮೊಮ್ಮಗನಿಗೆ ಈ ಕೆಲಸ ಬೇಡ ಅಂತಾನೇ ಹೇಳಿದೀನಿ.

ಅಂಕೋಲಾ ಹುಡುಗಿ:
ತಾತ, ನೀವು ಹೇಳ್ತಿರೋದು ಜೇನ್ ಸ್ಟ್ರೀಟ್ ವಿಷಯ. ಸೆಬಿ 2025ರ ಜುಲೈ 3ಕ್ಕೆ ಮಧ್ಯಂತರ ಆದೇಶ ಮಾಡಿ 4,843 ಕೋಟಿ ರೂಪಾಯಿ ತಡೆಹಿಡೀತು. ಆರೋಪ ಏನಂದ್ರೆ ಎಕ್ಸ್‌ಪೈರಿ ದಿನ, ಅಂದ್ರೆ ಆಪ್ಷನ್ಸ್ ಅವಧಿ ಮುಗಿಯೋ ದಿನ, ಬ್ಯಾಂಕ್ ನಿಫ್ಟಿ ಶೇರುಗಳನ್ನ ಬೆಳಿಗ್ಗೆ ದೊಡ್ಡ ಮಟ್ಟದಲ್ಲಿ ಕೊಂಡು ಇಂಡೆಕ್ಸ್ ಎತ್ತೋದು, ಮಧ್ಯಾಹ್ನ ಮಾರೋದು, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಪೊಸಿಷನ್ ಆಪ್ಷನ್ಸ್‌ನಲ್ಲಿ ಉಲ್ಟಾ ಇಟ್ಕೊಂಡಿರೋದು ಅಂತ. ಕಂಪನಿ ಒಪ್ಪಿಲ್ಲ, ಇದು ಮಾಮೂಲಿ ಆರ್ಬಿಟ್ರಾಜ್ (ಎರಡು ಕಡೆಯ ಬೆಲೆ ವ್ಯತ್ಯಾಸದಿಂದ ಲಾಭ ಮಾಡೋದು) ಅಂತ ಹೇಳಿ ಟ್ರಿಬ್ಯುನಲ್‌ಗೆ ಹೋಗಿದಾರೆ. ಆದ್ರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲೂ ಸಂಜೆ ಟೀ ಹೊತ್ತಲ್ಲಿ ಇದೇ ಜಗಳ ನಡೆಯುತ್ತೆ. ನಾವು ಮಾರ್ಕೆಟ್ಟಿಗೆ ಲಿಕ್ವಿಡಿಟಿ ಕೊಡ್ತೀವಿ, ಅಂದ್ರೆ ಕೊಳ್ಳೋಕೆ ಮಾರೋಕೆ ಎದುರಿಗೆ ಯಾರಾದ್ರೂ ಇರೋ ಹಾಗೆ ಮಾಡ್ತೀವಿ, ಅದರಿಂದ ಕೊಳ್ಳೋ ಬೆಲೆ ಮಾರೋ ಬೆಲೆ ನಡುವಿನ ಅಂತರ ಕಮ್ಮಿ ಆಗುತ್ತೆ, ನಿಮ್ಮ ಮ್ಯೂಚುವಲ್ ಫಂಡಿಗೂ ಲಾಭ, ಇದು ನಿಜ. ಆದ್ರೆ ಎದುರಿಗಿರೋನು ರಾಜಾಜಿನಗರದ ಅಣ್ಣನಂಥೋರು ಅನ್ನೋದೂ ನಿಜ. ಎರಡೂ ಗೊತ್ತಿದ್ದೇ ಕೆಲಸ ಮಾಡ್ತಿದೀನಿ, ಜೀವನಪೂರ್ತಿ ಇದೇ ಮಾಡ್ತೀನಿ ಅಂತೇನಿಲ್ಲ.

ಇನ್ನೊಂದು ಇದರಿಂದ ತಿಳ್ಕೊಳ್ಳೋದು ಅಂದ್ರೆ, ಒಂದು ರೂಲ್ ಬದಲಾದ್ರೆ ಇಡೀ ತಂಡದ ಕೆಲಸ ಹೋಗ್ಬೋದು. ವಾರದ ಎಕ್ಸ್‌ಪೈರಿಗಳನ್ನ ಎಕ್ಸ್‌ಚೇಂಜಿಗೆ ಒಂದು ಅಂತ ಸೆಬಿ ಕಡಿಮೆ ಮಾಡಿದಾಗ ಬ್ಯಾಂಕ್ ನಿಫ್ಟಿ ವೀಕ್ಲಿ ನಿಂತೇ ಹೋಯ್ತು, ಅದನ್ನೇ ನಂಬ್ಕೊಂಡಿದ್ದ ಸ್ಟ್ರಾಟಜಿಗಳು ಮೂಲೆ ಸೇರಿದ್ವು. ಅದಕ್ಕೇ ನಾನು ಹೇಳೋದು ಡಿಗ್ರಿ ಅನ್ನೋದು ಕ್ವಾಂಟ್ ಇಲ್ದೇ ಇದ್ರೂ ನಿಲ್ಲೋ ಹಾಗಿರ್ಬೇಕು. ಹದಿನೇಳನೇ ವಯಸ್ಸಲ್ಲಿ ಕ್ವಾಂಟಿಟೇಟಿವ್ ಫೈನಾನ್ಸ್ ಅಂತಲೇ ಹೆಸರಿರೋ ಡಿಗ್ರಿಗೆ ಹಾಕ್ಬೇಡಿ, ಖಾಸಗಿ ಯೂನಿವರ್ಸಿಟಿಗಳು ಈಗ ಬೋರ್ಡ್ ಹಾಕ್ಕೊಂಡು ಕೂತಿವೆ, ಸಿಲಬಸ್ ತೆಗೆದು ನೋಡಿದ್ರೆ ಪ್ರಾಬಬಿಲಿಟಿ ಒಂದೇ ಸೆಮಿಸ್ಟರ್, ಉಳಿದಿದ್ದು ಎಂಬಿಎ ಪಾಠ.

ಸಿಂಗಾಪುರ ಶೆಟ್ರು:
ಎಲ್ಲಾ ಕಡೆಯೂ ಹಾಗೇ ಅಂತಲ್ಲ ಮಾರಾಯ್ರೆ, ಇಲ್ಲಿ ನ್ಯಾಷನಲ್ ಯೂನಿವರ್ಸಿಟಿ, ಎನ್‌ಯುಎಸ್‌ನ ಕ್ವಾಂಟಿಟೇಟಿವ್ ಫೈನಾನ್ಸ್ ಮೇಜರ್ ಇರುವುದು ಮ್ಯಾಥ್ಸ್ ಡಿಪಾರ್ಟ್‌ಮೆಂಟಿನಲ್ಲೇ, ಗಟ್ಟಿ ಉಂಟು. ಹೊರದೇಶದ ಮಕ್ಕಳಿಗೂ ಇಲ್ಲಿನ ಸರ್ಕಾರ ಟ್ಯೂಷನ್ ಗ್ರಾಂಟ್ ಕೊಡ್ತದೆ, ಬದಲಿಗೆ ಓದು ಮುಗಿದ ಮೇಲೆ ಮೂರು ವರ್ಷ ಸಿಂಗಾಪುರದ ಕಂಪನಿಯಲ್ಲಿ ದುಡಿಯಬೇಕು ಅಂತ ಬಾಂಡ್. ಗ್ರಾಂಟ್ ಸಿಕ್ಕಿದರೂ ಖರ್ಚು ಸಣ್ಣದಲ್ಲ, ನೀವು ಹೇಳಿದ ಪರಿಸ್ಥಿತಿಗೆ ಡಿಗ್ರಿಗೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ.

ಪಿಜಿಯ ಲೆಕ್ಕ ಹೇಳ್ತೇನೆ. ಅಮೆರಿಕದಲ್ಲಿ ಕಾರ್ನೆಗಿ ಮೆಲನ್, ಬರ್ಕ್ಲಿ, ಪ್ರಿನ್ಸ್‌ಟನ್, ಕೊಲಂಬಿಯಾ, ನ್ಯೂಯಾರ್ಕಿನ ಬರೂಕ್, ಇವುಗಳ ಫೈನಾನ್ಶಿಯಲ್ ಇಂಜಿನಿಯರಿಂಗ್ ಥರದ ಮಾಸ್ಟರ್ಸ್‌ಗೆ ಹೆಸರು ಉಂಟು. ಬರೂಕ್ ಸರ್ಕಾರಿ ಕಾಲೇಜು ಆದ ಕಾರಣ ಉಳಿದವಕ್ಕಿಂತ ಸೋವಿ. ಮೊದಲು ಸಾಲ ಮಾಡಿ ಹೋದವರು ಮೂರು ವರ್ಷದ ಸ್ಟೆಮ್ ಒಪಿಟಿಯಲ್ಲಿ, ಅಂದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅನುಮತಿಯಲ್ಲಿ, ದುಡಿದು ತೀರಿಸ್ತಿದ್ದರು. ಆದರೆ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಟ್ರಂಪ್ ಆದೇಶ ಹೊರಡಿಸಿದ ಮೇಲೆ ಎಲ್ಲರ ಎದೆ ಡವಡವ. ಕೋರ್ಟು, ವಿನಾಯಿತಿ ಅಂತ ಏನೇನೋ ನಡೀತದೆ, ನಿಮ್ಮ ಮಗಳು ಹೋಗುವ ಹೊತ್ತಿಗೆ ಹೇಗಿರ್ತದೋ, ಅಮೆರಿಕ ಒಂದನ್ನೇ ನಂಬಿ ಪ್ಲಾನ್ ಮಾಡುವುದು ಬೇಡ.

ಯುರೋಪಿನಲ್ಲಿ ಜುರಿಕ್ ನೋಡಿ. ಇಟಿಎಚ್ ಮತ್ತೆ ಜುರಿಕ್ ಯೂನಿವರ್ಸಿಟಿ ಒಟ್ಟಿಗೆ ಕ್ವಾಂಟಿಟೇಟಿವ್ ಫೈನಾನ್ಸ್ ಮಾಸ್ಟರ್ಸ್ ನಡೆಸ್ತಾವೆ. ಇಟಿಎಚ್ ಹೊರಗಿನವರಿಗೆ ಫೀಸು ಮೂರು ಪಟ್ಟು ಮಾಡಿದೆ ಅಂತ ಗಲಾಟೆ ಆಯ್ತು, ಆ ಮೂರು ಪಟ್ಟು ಅಂದರೂ ಸೆಮಿಸ್ಟರಿಗೆ 2,190 ಫ್ರಾಂಕ್! ಊಟ ಬಾಡಿಗೆಯೇ ಅಲ್ಲಿ ದುಬಾರಿ. ಮತ್ತೊಂದು ವಿಷಯ, ಐಎಸ್‌ಐ, ಸಿಎಂಐ ಡಿಗ್ರಿಗೆ ಅಲ್ಲಿನ ಪ್ರೊಫೆಸರ್‌ಗಳ ಹತ್ತಿರ ಒಳ್ಳೆ ಬೆಲೆ ಉಂಟು. ಹೆಸರಿಗೆ ದೊಡ್ಡ ಖಾಸಗಿ ಕಾಲೇಜಿನ ಬಿಬಿಎ ಫೈನಾನ್ಸ್ ಹಿಡಿದುಕೊಂಡು ಹೋದವರಿಗೆ ಮ್ಯಾಥ್ಸ್ ಕ್ರೆಡಿಟ್ ಸಾಲದು ಅಂತ ಅರ್ಜಿಯೇ ವಾಪಸ್ ಬಂದದ್ದು ನೋಡಿದ್ದೇನೆ.

ಮೈಸೂರಮ್ಮ:
ನಾಣ್ಯದ ಪ್ರಶ್ನೆ ರಾತ್ರಿ ಕೊಟ್ಟೆ, ಊಟ ಮಾಡದೇ ಕೂತ್ಲು. 4 ಬೇಗ ಬಂತು, ಹೆಡ್ ಬರೋಕೆ ಸರಾಸರಿ ಎರಡು ಸಲ, ಅದಾದ್ಮೇಲೆ ಟೇಲ್ ಬರೋಕೆ ಇನ್ನೆರಡು, ಮಧ್ಯೆ ಎಷ್ಟು ಹೆಡ್ ಬಿದ್ರೂ ನಷ್ಟ ಇಲ್ಲ ಅಂದ್ಲು. ಹೆಡ್-ಹೆಡ್‌ಗೂ 4 ಅಂತಲೇ ವಾದ ಮಾಡಿದ್ಲು. ಆಮೇಲೆ ಲ್ಯಾಪ್‌ಟಾಪ್ ತೆಗೆದು ಪೈಥಾನ್‌ನಲ್ಲಿ ಲಕ್ಷ ಸಲ ಚಿಮ್ಮಿಸಿದ್ಲಂತೆ, 6ರ ಹತ್ರ ಬಂತು, ಮುಖ ಕೆಂಪಾಯ್ತು. ಬೆಳಿಗ್ಗೆ ಎದ್ದು ಹಲ್ಲುಜ್ಜೋ ಮೊದಲೇ ಬಂದು ಹೇಳಿದ್ಲು, ಅಮ್ಮಾ, ಹೆಡ್ ಆದ್ಮೇಲೆ ಟೇಲ್ ಬಿದ್ರೆ ಮೊದಲಿಂದ ಶುರು ಮಾಡ್ಬೇಕು, ಅದಕ್ಕೇ ಜಾಸ್ತಿ, ಎರಡು ಪ್ಲಸ್ ಒಂದು ಪ್ಲಸ್ ಅರ್ಧ ಎಕ್ಸ್ ಸಮ ಎಕ್ಸ್ ಅಂತ. ನನಗೆ ಕೊನೇದು ಅರ್ಥ ಆಗ್ಲಿಲ್ಲ. ಸರಿ ಇದೆಯಾ?

ಅಂಕೋಲಾ ಹುಡುಗಿ:
ಪೂರ್ತಿ ಸರಿ ಆಂಟಿ. ಅವಳಿಗೆ ಇನ್ನು ಯಾರೂ ಏನೂ ಪ್ಲಾನ್ ಮಾಡ್ಬೇಕಾಗಿಲ್ಲ ಅನ್ಸುತ್ತೆ 😊 ಮುಂದಿಂದು, ಹೆಡ್-ಟೇಲ್-ಹೆಡ್ ಬರೋಕೆ ಎಷ್ಟು ಅಂತ ಕೇಳಿ.

ಪಿಯು ಮೇಷ್ಟ್ರು:
ಹಾಗಾದ್ರೆ ಮೇಡಂ, ಈಗಿಂದ ಏನು ಮಾಡಿಸೋದು ಅಂತ ಕೇಳಿದ್ರಲ್ಲ. ಐಒಕ್ಯೂಎಂ ಅಂತ ಗಣಿತ ಒಲಿಂಪಿಯಾಡ್‌ನ ಮೊದಲ ಮೆಟ್ಟಿಲು, ಅದಕ್ಕೆ ಕೂರಿಸಿ. ಅಲ್ಲಿಂದ ಆರ್‌ಎಂಒ, ಆಮೇಲೆ ಐಎನ್‌ಎಂಒ. ಪೂರ್ತಿ ದಾಟೋರು ತೀರಾ ಕಮ್ಮಿ, ದಾಟದೇ ಇದ್ರೂ ಆ ಲೆಕ್ಕ ಬಿಡಿಸೋ ಅಭ್ಯಾಸವೇ ಐಎಸ್‌ಐ ಮಧ್ಯಾಹ್ನದ ಪೇಪರಿಗೆ ತಯಾರಿ. ಐಎಸ್‌ಐ ಹಳೇ ಪ್ರಶ್ನೆಪತ್ರಿಕೆ ಅವರ ವೆಬ್‌ಸೈಟಲ್ಲೇ ಇವೆ, ಭಾನುವಾರಕ್ಕೆ ಒಂದೇ ಒಂದು ಪ್ರಶ್ನೆ, ಪೂರ್ತಿ ವಾಕ್ಯದಲ್ಲಿ ಬರೆಸಿ, ನನಗೆ ಫೋಟೋ ಕಳಿಸಿದ್ರೆ ತಿದ್ದಿ ಕೊಡ್ತೀನಿ, ಫೀಸ್ ಗೀಸ್ ಏನೂ ಬೇಡ. ಸೆಕೆಂಡ್ ಪಿಯುನಲ್ಲಿ ಮೇ ತಿಂಗಳು ಪೂರ್ತಿ ಪರೀಕ್ಷೆ, ಐಎಸ್‌ಐ, ಸಿಎಂಐ, ಅಡ್ವಾನ್ಸ್ಡ್ ಎಲ್ಲಾ ಒತ್ತೊತ್ತಾಗಿ ಬರುತ್ತೆ, ಅರ್ಜಿ ಹಾಕೋದು ಅದಕ್ಕೂ ಮೊದಲೇ ಮುಗಿದಿರುತ್ತೆ, ಬೋರ್ಡ್ ಎಕ್ಸಾಂ ಗಡಿಬಿಡೀಲಿ ಎಷ್ಟೋ ಮಕ್ಕಳು ಫಾರಂ ಹಾಕೋದೇ ಮರೀತಾರೆ. ಫೆಬ್ರವರಿಯಿಂದಲೇ ವೆಬ್‌ಸೈಟ್ ನೋಡ್ತಿರಿ.

ಮೈಸೂರಮ್ಮ:
ಮೇಷ್ಟ್ರೇ ದೊಡ್ಡ ಉಪಕಾರ. ಯಜಮಾನ್ರಿಗೆ ಇಡೀ ಚರ್ಚೆ ಓದಿ ಹೇಳಿದೆ, ಐಎಸ್‌ಐಗೂ ಬರೀಲಿ, ಅಡ್ವಾನ್ಸ್ಡೂ ಬರೀಲಿ, ಯಾವುದು ಬರುತ್ತೋ ನೋಡೋಣ ಅಂದಿದಾರೆ. ಭಾವನಿಗೆ ಇನ್ನೂ ಹೇಳಿಲ್ಲ. ಮಗಳು ಮಾತ್ರ ಐಎಸ್‌ಐ ಅಂದ್ಮೇಲೆ ಕೆಮಿಸ್ಟ್ರಿ ಬಿಟ್ಬಿಡ್ಲಾ ಅಂತ ಕೇಳ್ತಿದಾಳೆ!

ಪಿಯು ಮೇಷ್ಟ್ರು:
ಬಿಡೋ ಹಾಗಿಲ್ಲ ಅಂತ ಹೇಳಿ. ಐಐಟಿ ಸೀಟಿಗೆ ಅಡ್ವಾನ್ಸ್ಡ್ ರ್‍ಯಾಂಕ್ ಒಂದೇ ಸಾಲದು, ಸೆಕೆಂಡ್ ಪಿಯುನಲ್ಲಿ 75 ಪರ್ಸೆಂಟ್ ಇರ್ಬೇಕು, ಇಲ್ಲಾ ನಮ್ಮ ಬೋರ್ಡ್‌ನ ಟಾಪ್ 20 ಪರ್ಸೆಂಟೈಲ್ ಒಳಗಿರ್ಬೇಕು, ಕೆಮಿಸ್ಟ್ರಿ ಅದಕ್ಕೂ ಸೇರುತ್ತೆ. ಆರ್ಗ್ಯಾನಿಕ್ ಬೋರ್ ಆದ್ರೆ ಫಿಸಿಕಲ್ ಕೆಮಿಸ್ಟ್ರಿಯಿಂದ ಶುರು ಮಾಡ್ಲಿ, ಕೈನೆಟಿಕ್ಸ್ ಪಾಠದಲ್ಲಿ ಡಿಫರೆನ್ಶಿಯಲ್ ಈಕ್ವೇಷನ್ ಇದೆ, ಅಷ್ಟಾದ್ರೂ ಅವಳಿಗೆ ಇಷ್ಟ ಆಗುತ್ತೆ.